ಮೊಣಕಾಲಿನಷ್ಟು ಮಣ್ಣು

ಅಮ್ಮನ ಕುಣಿ ತೋಡುವಾಗ ಹಾರೆ ಕಲ್ಲಿಗೆ ತಗುಲಿದ್ದು ಬೆಳಿಗ್ಗೆಯೇ, ನೆಲವಿನ್ನೂ ತಣ್ಣಗಿದ್ದ ಹೊತ್ತಿನಲ್ಲಿ. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಇಳಕಲ್ಲಿನಲ್ಲಿ ನೆಲ ಅಗೆದಾಗ ಕಲ್ಲು ಸಿಗದಿದ್ದರೇ ಗಾಬರಿಯಾಗಬೇಕು.

"ಗುಂಡು ಐತಿ. ಅಂಚು ಹುಡುಕಿ ಮೀಟಿದ್ರ ಎದ್ದು ಬರ್ತೈತಿ," ಎಂದ ಬಂದೇನವಾಜ. ಅವನು ನನ್ನ ಸೋದರತ್ತೆಯ ಮಗ. ಕೆಂಪು ಗ್ರಾನೈಟಿನ ಕ್ವಾರಿಯಲ್ಲಿ ಕೆಲಸ. ಅವನೇ ಹಾಗೆಂದ ಮೇಲೆ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ನಾನು ಏನು ತಕರಾರು ಮಾಡಲಿ? ನಾನೂ ಗುಂಡುಗಲ್ಲೇ ಎಂದುಕೊಂಡೆ. ನಮ್ಮೂರಿನವರೆಲ್ಲ ಮಾಡುವ ತಪ್ಪಿದು. ಹೊಲದಲ್ಲಿ, ಮನೆಯ ಪಾಯದಲ್ಲಿ, ಸಂಡಾಸಿನ ಗುಂಡಿಯಲ್ಲಿ ಗುಂಡುಗಲ್ಲು ಕಿತ್ತು ಕಿತ್ತು ರೂಢಿಯಾಗಿ, ಎಂಥ ಕಲ್ಲು ಎದುರಾದರೂ ಅದಕ್ಕೊಂದು ಅಂಚು ಇದ್ದೇ ಇರುತ್ತದೆ ಎಂದು ನಂಬಿಬಿಟ್ಟಿದ್ದೇವೆ. ಅಂಚು ಹುಡುಕುತ್ತ ಬಿಸಿಲೇರಿತು.

ನಮ್ಮ ಓಣಿಯಲ್ಲಿ ಕುಣಿ ತೋಡಲು ಕೂಲಿಯವರನ್ನು ಕರೆಯುವುದಿಲ್ಲ. ಮನೆಯ ಗಂಡುಮಕ್ಕಳು, ಓಣಿಯ ಗಂಡಸರು, ಇಷ್ಟೇ. ಹೀಗಾಗಿ ಚಾಕ್‌ಪೀಸು ಹಿಡಿದು ಮೆತ್ತಗಾದ ನನ್ನ ಕೈಯಲ್ಲೂ ಹಾರೆ ಇತ್ತು. ಅಂಗೈಯಲ್ಲಿ ಗುಳ್ಳೆಗಳೆದ್ದು ಒಡೆದಿದ್ದವು. ಅಮ್ಮ ತೀರಿದ್ದು ನಸುಕಿನಲ್ಲಿ. ವಾರದಿಂದ ದವಾಖಾನೆಯ ಬೆಂಚಿನ ಮೇಲೆ ಕೂತೆದ್ದ ಮೈ. ಅಳು ಬರುತ್ತಿರಲಿಲ್ಲ, ನಿದ್ದೆ ಬರುತ್ತಿತ್ತು. ಅದಕ್ಕೆ ನಾಚಿಕೆಯೂ ಆಗುತ್ತಿತ್ತು.

ಅಮ್ಮನದು ಒಂದೇ ಆಸೆ: ಶಹನಾಜಳ ಮಗ್ಗುಲಲ್ಲಿ ಮಣ್ಣಾಗಬೇಕು. ಶಹನಾಜ ನನ್ನ ಅಕ್ಕ. ನಾನು ಹುಟ್ಟುವ ಮುಂಚೆಯೇ, ಇನ್ನೂ ಸಾಲೆಗೆ ಹೋಗದ ವಯಸ್ಸಿನಲ್ಲಿ ತೀರಿಕೊಂಡವಳು. ಅವಳ ಗೋರಿಯ ಪಡುವಣಕ್ಕೆ ಬೇರೆಯವರ ಗೋರಿ, ತಲೆದೆಸೆಗೆ ಬೇವಿನ ಮರ. ಮೂಡಣದ ಜಾಗ ಮಾತ್ರ ಖಾಲಿ. ಅದು ನಿನ್ನದೇ ಎಂದು ಅಬ್ಬಾ ಅಮ್ಮನಿಗೆ ಜೀವಮಾನವಿಡೀ ಹೇಳುತ್ತ ಬಂದಿದ್ದರು. ನಾವು ತೋಡುತ್ತಿದ್ದುದು ಅಲ್ಲಿಯೇ.

ಅಬ್ಬಾ ಬೇವಿನ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಕಾರ್ಖಾನೆಯಲ್ಲಿ ಗ್ರಾನೈಟಿಗೆ ಪಾಲಿಶ್ ಹಾಕಿಯೇ ವಯಸ್ಸು ಕಳೆದವರು. ಬೇರೆ ದಿನವಾಗಿದ್ದರೆ ನಾನು ಹಾರೆ ಹಿಡಿದ ರೀತಿಗೇ ಹತ್ತು ಹೆಸರಿಡುತ್ತಿದ್ದರು. ಅಂದು ತುಟಿ ಬಿಚ್ಚಲಿಲ್ಲ. ಹಾರೆ ಟಣ್ ಎಂದಾಗಲೊಮ್ಮೆ ತಲೆ ತಗ್ಗಿಸುತ್ತಿದ್ದರು. ದುಃಖವೆಂದುಕೊಂಡೆ.

ಮಧ್ಯಾಹ್ನದ ಹೊತ್ತಿಗೆ ಒಬ್ಬೊಬ್ಬರೇ ನೆರಳಿಗೆ ಸರಿದರು. ಪಕ್ಕದ ಮನೆಯ ನೇಕಾರ ಬಾಬಣ್ಣ ಕೊಡದಲ್ಲಿ ಮಜ್ಜಿಗೆ ತಂದಿದ್ದ. ನನಗೊಂದು ಲೋಟ ಕೊಟ್ಟು, ಸಲಿಕೆ ತಾನು ತಗೊಂಡ. ಅಗೆಯುತ್ತಲೇ ಕೇಳಿದ:

"ಸರ, ಸಾಲ್ಯಾಗ ಕಲ್ಲಿನ ಪಾಠ ಹೇಳ್ತೀರಂತಲ್ರಿ. ಇದಕ್ಕೇನಂತಾರ?"

ಅವನಿಗೆ ನನ್ನನ್ನು ಮಾತಿಗೆಳೆದು ಮನಸ್ಸು ಹಗುರ ಮಾಡಬೇಕಿತ್ತು ಅಷ್ಟೆ. ನನಗೋ ಆ ಪಾಠ ಹೇಳಿ ಹೇಳಿ ಬಾಯಿ ಸವೆದಿದೆ. ಪ್ರತಿ ವರ್ಷ ಅದೇ ರಟ್ಟಿನ ಡಬ್ಬಿ. ಅದರಲ್ಲಿ ನಮ್ಮೂರ ಕೆಂಪು ಗ್ರಾನೈಟಿನ ಚೂರು, ಬಾದಾಮಿಯ ಮರಳುಗಲ್ಲು, ಬಾಗಲಕೋಟೆಯ ಸುಣ್ಣದಕಲ್ಲು, ಹುನಗುಂದದ ಕಡೆಯಿಂದ ತಂದ, ಬಿಸಿಲಿಗೆ ಹಿಡಿದರೆ ಮಿರುಗುವ ಪದರುಗಲ್ಲು. ಕುದಿಯುವ ಶಿಲಾರಸ ಆರಿ ಗಟ್ಟಿಯಾದದ್ದು ಅಗ್ನಿಶಿಲೆ. ನೀರು ಹೊತ್ತು ತಂದು ಹಾಸಿದ್ದು ಕಣಶಿಲೆ. ಇವೆರಡರಲ್ಲಿ ಯಾವುದಾದರೂ ಭೂಮಿಯ ಒತ್ತಡಕ್ಕೆ, ಶಾಖಕ್ಕೆ ಸಿಕ್ಕಿ ಗುರುತು ಸಿಗದಂತಾದರೆ ರೂಪಾಂತರ ಶಿಲೆ. ಮಕ್ಕಳು ಬರೆದುಕೊಳ್ಳುತ್ತವೆ, ಅಂಕ ತೆಗೆದುಕೊಳ್ಳುತ್ತವೆ, ಮರೆಯುತ್ತವೆ.

ಆ ಡಬ್ಬಿಯ ಮೇಲೆ ಅಮ್ಮನಿಗೆ ಅಕ್ಕರೆಯಿತ್ತು. ಅವಳ ತವರು ಬಾದಾಮಿ. "ನಮ್ಮೂರ ಕಲ್ಲು ಪದರ ಪದರ ಬಿಡಿಸಿಕೊಳ್ತೈತಿ, ಬುತ್ತಿಯೊಳಗಿನ ರೊಟ್ಟಿ ಹಂಗ. ನಿಮ್ಮೂರಿಂದು ಯಾರ ಮಾತೂ ಕೇಳೂದಿಲ್ಲ," ಎಂದು ಅಬ್ಬಾನ ಕಡೆ ನೋಡಿ ಹೇಳುವಳು. ಬಾದಾಮಿಯ ಕಲ್ಲು ಒಂದು ಕಾಲಕ್ಕೆ ಇಂಥ ಗ್ರಾನೈಟೇ ಆಗಿತ್ತು, ಬಿಸಿಲುಮಳೆಗೆ ಒಡೆದು ಮರಳಾಗಿ, ಹೊಳೆಯಲ್ಲಿ ಹರಿದುಹೋಗಿ, ನೀರಿನಡಿ ಪದರ ಪದರವಾಗಿ ಕೂತು ಮತ್ತೆ ಕಲ್ಲಾಯಿತು ಎಂದು ಒಮ್ಮೆ ವಿವರಿಸಿದ್ದೆ. ಎಲ್ಲ ಕೇಳಿಸಿಕೊಂಡು, "ಹಂಗಾರ ನಿಮ್ಮಪ್ಪ ಮರಳಾಗಾಕ ಇನ್ನೂ ಎಷ್ಟ ವರ್ಷ ಬೇಕು?" ಎಂದಿದ್ದಳು.

ಬಾಬಣ್ಣನಿಗೆ ಚುಟುಕಾಗಿ ಹೇಳತೊಡಗಿದೆ. "ಇದು ನೆಲದಾಗ ಭಾಳ ಆಳದಾಗ ಸಾವಕಾಶ ಆರಿದ ಕಲ್ಲು, ಬಾಬಣ್ಣಾ. ಅದಕ್ಕ ಇಷ್ಟು ದಪ್ಪ ಹರಳು. ಮ್ಯಾಲಿನ ಭಾರ ಸವೆದು ಹೋದಂಗ ಇದು ಮ್ಯಾಲ ಬರ್ತೈತಿ, ಉಳ್ಳಾಗಡ್ಡಿ ಸಿಪ್ಪಿ ಹಂಗ ಬಿರೀತೈತಿ. ಬಿರುಕಿನ್ಯಾಗ ನೀರು ಇಳಿದು ಮೂಲಿ ಸವೆದ್ರ ಗುಂಡು ಆಗ್ತಾವು, ಪುಡಿ ಆಗಿದ್ದು ಗರಸು. ಅವೆಲ್ಲದರ ಕೆಳಗ ಇಡೀ ಬಂಡಿ…"

ನನ್ನ ಮಾತು ನನಗೇ ಕೇಳಿಸಿತು. ಗುಂಡುಗಲ್ಲಿಗೆ ಅಂಚಿರುತ್ತದೆ, ಹಾಸುಬಂಡೆಗೆ ಇರುವುದಿಲ್ಲ. ಬೆಳಗಿನಿಂದ ನಮಗೆ ಒಂದು ಅಂಚೂ ಸಿಕ್ಕಿರಲಿಲ್ಲ.

ಅಗೆಯುವುದನ್ನು ನಿಲ್ಲಿಸಿ, ಕಸಬರಿಗೆ ತರಿಸಿ, ಕುಣಿಯ ತಳ ಗುಡಿಸಿದೆ. ಈ ತುದಿಯಿಂದ ಆ ತುದಿಗೆ ಒಂದೇ ಕೆಂಪು, ಒಂದು ಗೆರೆಯಿಲ್ಲ. ಬಂದೇನವಾಜ ಇಳಿದು ಸುತ್ತಿಗೆಯಿಂದ ಅಲ್ಲಲ್ಲಿ ಬಡಿದ. ಎಲ್ಲ ಕಡೆಯೂ ಒಂದೇ ದನಿ. ಸುತ್ತಿಗೆ ಕೆಳಗಿಟ್ಟು ಕುಣಿಯಲ್ಲೇ ಕುಕ್ಕರಿಸಿದ.

"ಹಾಸುಬಂಡಿ ಐತಿ, ಮಾಸ್ತರ. ಇದು ಕುಷ್ಟಗಿ ತನಕ ಹೋಗಿರ್ತೈತಿ."

"ಒಡೆಯಾಕ ಬರೂದಿಲ್ಲೇನು?"

"ತೂತು ಹೊಡದು ಬೆಣೆ ಬಡದ್ರ ಸೀಳತೈತಿ. ಇವತ್ತಂತೂ ಆಗೂದಿಲ್ಲ. ಮದ್ದು ಇಡೂ ಜಾಗಾನೂ ಅಲ್ಲ ಇದು. ಎಲ್ಲಾರೂ ಮಲಗ್ಯಾರ."

ಕುಣಿ ಎದೆಮಟ್ಟ ಆಗಬೇಕು. ನಮಗೆ ಸಿಕ್ಕಿದ್ದು ಮೊಣಕಾಲಿನಷ್ಟು ಮಣ್ಣು. ಮನೆಯಿಂದ ಹೆಂಡತಿ ಆಫ್ರೀನಳ ಫೋನ್ ಬಂತು. ಸ್ನಾನ ಮಾಡಿಸಿ, ಕಫನ್ ಬಟ್ಟೆ ಸುತ್ತಿ ಮುಗಿದಿತ್ತು. "ಸೆಕಿ ಭಾಳ ಐತ್ರಿ. ಇನ್ನೂ ಎಷ್ಟೊತ್ತು ಇಟ್ಟುಕೊಳ್ಳೂದು?" ಎಂದಳು. ಆಮೇಲೆ ಹೇಳುತ್ತೇನೆಂದು ಫೋನ್ ಇಟ್ಟೆ.

ಜಮಾತಿನ ಹಿರಿಯರಾದ ಶಕೀಲ ಚಾಚಾ ನನ್ನ ಭುಜ ಹಿಡಿದು ಪಕ್ಕಕ್ಕೆ ಕರೆದೊಯ್ದರು. "ಗೇಟಿನ ಕಡೆ ಎರಿ ಮಣ್ಣು ಐತಿ, ಮತೀನ. ಸಂಜಿ ಅಸರ್ ನಮಾಜಿನೊಳಗ ಕುಣಿ ಆಗ್ತೈತಿ. ಮಣ್ಣು ಎಲ್ಲಿದಾದ್ರೂ ಮಣ್ಣೇ ಅಲ್ಲೇನಪಾ." ಪ್ರೀತಿಯಿಂದಲೇ ಹೇಳಿದರು. ನಿಜ ಹೇಳಬೇಕೆಂದರೆ ನನಗೂ ಸಾಕಾಗಿತ್ತು. ಆಗಲಿ ಎಂದೆ. ಅಬ್ಬಾಗೆ ಹೇಳುವುದೊಂದು ಬಾಕಿಯಿತ್ತು.

ಮನೆಯಲ್ಲಿ ನಮ್ಮದು ಉರ್ದು. ಆದರೆ ಕಲ್ಲಿನ ಮಾತು ಬಂದಾಗ ಅಬ್ಬಾ ಕನ್ನಡಕ್ಕೆ ಹೊರಳುತ್ತಾರೆ, ಕಾರ್ಖಾನೆಯ ಅಭ್ಯಾಸ. ನಾನೂ ಕನ್ನಡದಲ್ಲೇ ಹೇಳಿದೆ:

"ಅಬ್ಬಾ, ಕೆಳಗ ಹಾಸುಬಂಡಿ ಐತ್ರಿ. ಇಲ್ಲಿ ಆಗೂದಿಲ್ಲ."

"ಗೊತ್ತೈತಿ."

ಸುತ್ತಿಗೆಯ ಸಪ್ಪಳದಿಂದ ತಿಳಿದಿರಬೇಕು ಎಂದುಕೊಂಡೆ. ಅವರು ಬೇರೆಯದನ್ನೇ ಹೇಳಿದರು.

"ಶಹನಾಜಂದು ತೋಡಿದ ದಿನಾನೇ ಗೊತ್ತಾತು. ನಾನ ತೋಡಿದ್ದೆ. ಮೊಣಕಾಲಿಗೆ ಬರೂದ್ರಾಗ ಬಂಡಿ ಹತ್ತಿತು. ಕೂಸು ಸಣ್ಣದಿತ್ತು, ಅಷ್ಟರಾಗ ಹಿಡೀತು. ಮ್ಯಾಲ ಮಣ್ಣು ಎತ್ತರ ಏರಿಸಿದೆ."

"ಮತ್ತ ಅಮ್ಮಾಗ ಜಾಗ ಐತಿ ಅಂತ ಯಾಕ ಹೇಳ್ಕೋತ ಬಂದ್ರಿ?"

"ಅಕಿ ಕೇಳ್ತಿದ್ದಳು. ನಾ ಇಲ್ಲಿ ಬಂದು ಮನಿಗೆ ಹೋದಾಗೊಮ್ಮೆ ಕೇಳ್ತಿದ್ದಳು, ನನ್ನ ಜಾಗ ಯಾರೂ ತಗೊಂಡಿಲ್ಲಲ್ಲ ಅಂತ. ಇಲ್ಲ ಅಂತಿದ್ದೆ. ಬಂಡಿ ಐತಿ ಅಂತ ಹೆಂಗ ಹೇಳ್ಲಿ? ನಾನ ಮೊದಲ ಹೋಗ್ತೇನಿ, ಮುಂದಿಂದು ನೀವು ನೋಡ್ಕೋತೀರಿ ಅಂದ್ಕೊಂಡಿದ್ದೆ."

ನನಗೆ ಸಿಟ್ಟು ನೆತ್ತಿಗೇರಿತು. ಅಷ್ಟು ಜನ ಬಿಸಿಲಲ್ಲಿ ಬೆನ್ನು ಮುರಿದುಕೊಳ್ಳುತ್ತಿದ್ದರೆ ಈ ಮನುಷ್ಯ ನೆರಳಲ್ಲಿ ಕೂತು ಕೇಳುತ್ತಿದ್ದರು.

"ಮುಂಜಾನೇನ ಒಂದ ಮಾತು ಹೇಳಬಾರದಾಗಿತ್ತೇನ್ರಿ?"

"ನನ್ನ ನೆನಪ ತಪ್ಪಿರಬಹುದು ಅಂತ ಕುಂತಿದ್ದೆ," ಎಂದರು ಅಬ್ಬಾ. "ತಪ್ಪಲಿ ಅಂತ ಕುಂತಿದ್ದೆ."

ಸಿಟ್ಟು ಮಾಡಿಕೊಳ್ಳಲೂ ತ್ರಾಣ ಬೇಕು. ನನ್ನಲ್ಲಿ ಉಳಿದಿರಲಿಲ್ಲ. ಸಾಮಾನು ಎತ್ತಿಕೊಳ್ಳೋಣವೆಂದು ಕುಣಿಗೆ ಇಳಿದೆ. ಇಳಿದು ನಿಂತರೆ ಯಾಕೋ ಒಂದು ಕಡೆಗೆ ವಾಲಿದಂತಾಯಿತು. ತಲೆ ಸುತ್ತಿರಬೇಕು ಎಂದುಕೊಂಡೆ. ತಲೆಯಲ್ಲ, ಬಂಡೆಯೇ ಇಳಿಜಾರಾಗಿತ್ತು. ಬೇವಿನ ಕಡೆಯ ತುದಿಯಲ್ಲಿ ಮೊಣಕಾಲಿಗೆ ಬರುವ ಕುಣಿ, ತೆಂಕಣ ತುದಿಯಲ್ಲಿ ತೊಡೆಗೆ ಬರುತ್ತಿತ್ತು. ಸಿಪ್ಪೆ ಬಿರಿಯುವ ಗ್ರಾನೈಟಿನ ಬೆನ್ನು ಸಪಾಟಾಗಿರುವುದಿಲ್ಲ, ಬೋರಲು ಹಾಕಿದ ಹಂಚಿನಂತೆ ಅಂಚಿನ ಕಡೆ ಇಳಿಯುತ್ತದೆ. ಅದೂ ನನ್ನ ಪಾಠದಲ್ಲೇ ಇದೆ. ಅರ್ಧ ದಿನ ಅದರ ಮೇಲೇ ನಿಂತು ಅಗೆದರೂ ಯಾರಿಗೂ ಹೊಳೆದಿರಲಿಲ್ಲ.

ಶಹನಾಜಳ ಗೋರಿ ಗಿಡ್ಡದು. ಅವಳ ಕಾಲಿನಾಚೆ, ಬಂಡೆ ಇಳಿಯುವ ತೆಂಕಣ ಕಡೆಗೆ, ಕೆಳಗಿನ ಸಾಲಿಗೆ ಮುಟ್ಟುವವರೆಗೆ ಒಂದು ಆಳುದ್ದಕ್ಕೂ ಮಿಕ್ಕಿ ಜಾಗ ತೆರವಿತ್ತು. ಹಾರೆ ತಗೊಂಡು ಅಲ್ಲಿ ಕುಕ್ಕಿದೆ. ಇಳಿಯಿತು. ಎತ್ತಿ ಮತ್ತೆ ಕುಕ್ಕಿದೆ. ಗರಸು ಸರ್ರೆಂದು ದಾರಿ ಬಿಟ್ಟಿತು. ನನ್ನ ಮುಷ್ಟಿ ನೆಲಕ್ಕೆ ತಾಗುವವರೆಗೆ ಹಾರೆ ಹೋಯಿತು. ಬಂದೇನವಾಜನನ್ನು ಕೂಗಿದೆ. ಅವನು ನಾಲ್ಕು ಮೂಲೆಗೂ ಕುಕ್ಕಿ ನೋಡಿ, "ಎದಿಮಟ್ಟ ಧಾರಾಳ ಸಿಗತೈತಿ," ಎಂದ.

ಶಕೀಲ ಚಾಚಾ ಮಾತ್ರ ತಲೆಯಾಡಿಸಿದರು. "ನೋಡಪಾ, ಇಲ್ಲಿ ಇಟ್ಟರ ತಾಯಿ ತಲಿ ಮಗಳ ಕಾಲಿಗೆ ಬರ್ತೈತಿ. ಧರ್ಮದಾಗ ಅಡ್ಡಿ ಇಲ್ಲ ಅನ್ನು. ಆದ್ರೂ ಹೆತ್ತಾಕಿನ್ನ ಕೂಸಿನ ಕಾಲ್ದೆಸಿಗೆ ಮಲಗಸೂದು ಚಂದ ಕಾಣೂದಿಲ್ಲ. ನಾಳೆ ನಾಕು ಮಂದಿ ಆಡ್ಕೋತಾರ. ಮಗ್ಗಲಕ ಇಡ್ರಿ ಅಂದಿದ್ದಳು, ಕಾಲ ಕೆಳಗ ಅಂದಿದ್ದಿಲ್ಲ." ಹಿಂದೆ ನಿಂತಿದ್ದವರಲ್ಲೂ ಒಂದಿಬ್ಬರು ಹೌದೆಂದರು.

ಮೂರು ಬಗೆಯ ಕಲ್ಲು ಹೇಗೆ ಹುಟ್ಟುತ್ತವೆಂದು ಹೇಳಬಲ್ಲೆ, ತಾಯಿಯನ್ನು ಎಲ್ಲಿ ಮಲಗಿಸಿದರೆ ಚೆಂದವೆಂದು ಯಾವ ಪಾಠದಲ್ಲಿದೆ?

ಅಬ್ಬಾ ಕುರ್ಚಿಯಿಂದ ಏಳುವುದು ಕಾಣಿಸಿತು. ಬಾಬಣ್ಣ ಓಡಿ ಹೋಗಿ ಹೆಗಲು ಕೊಟ್ಟ. ಮಂಡಿ ಮಡಿಸಲಾಗದ ಕಾಲನ್ನು ಎಳೆಯುತ್ತ ಅವರು ಗೋರಿ ಬಳಸಿ ಬಂದರು. ಹಾರೆ ನಿಂತಿದ್ದ ಜಾಗವನ್ನೂ ಮಗಳ ಗೋರಿಯ ತುದಿಯನ್ನೂ ನೋಡಿದರು.

"ಕೂಸಿಗೆ ಜ್ವರ ಏರಿದಾಗ ಅಕಿ ಕುಂತಿದ್ದು ಇಲ್ಲೇ, ಶಕೀಲಭಾಯ್. ತಲಿ ಕಡೆ ಅಲ್ಲ, ಮಗ್ಗಲಕ ಅಲ್ಲ. ಕಾಲು ತಣ್ಣಗ ಆಗಾಕ ಹತ್ಯಾವ ಅಂತ ಎರಡೂ ಪಾದ ಅಂಗೈಯಾಗ ಹಿಡಕೊಂಡು ಉಜ್ಜಕೋತ ಕುಂತಿದ್ದಳು. ಕೂಸು ಹೋದ ಮ್ಯಾಲೂ ಬಿಟ್ಟಿರಲಿಲ್ಲ. ಒಂದೊಂದ ಬೆರಳು ಬಿಡಿಸಿದಾಂವ ನಾನು."

ಶಕೀಲ ಚಾಚಾ ಅಂಗಿಯ ತೋಳು ಮಡಚಿದರು. ಕುಣಿಯ ದಂಡೆಯಲ್ಲಿ ಬಿದ್ದಿದ್ದ ಗುದ್ದಲಿ ಎತ್ತಿಕೊಂಡು ಮೊದಲ ಏಟು ತಾವೇ ಹಾಕಿದರು.