ಅಂಗೈಗೆ ಬರೆದ ಮುಲಾಮು

ಔಷಧಿ ಅಂಗಡಿಯವನ ಗ್ರಹಚಾರ ಬಿಡಿಸಿಯೇ ನಾನು ತಂಗಿಯನ್ನು ಚರ್ಮದ ಡಾಕ್ಟರ ಹತ್ತಿರ ಎಳೆದುಕೊಂಡು ಹೋದದ್ದು. ಚೀಟಿ ಕೇಳದೆ ಎಂಟು ತಿಂಗಳು ಟ್ಯೂಬಿನ ಮೇಲೆ ಟ್ಯೂಬು ಮಾರಿದ್ದನಲ್ಲ, ಅವನಿಗೆ ಅಷ್ಟೂ ಬೇಡವೇ?

ತಂಗಿಯ ಮುಖ ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಕೆನ್ನೆ ಕೆಂಪಾಗಿ ಸಣ್ಣ ಸಣ್ಣ ನರ ಕಾಣುತ್ತಿದ್ದವು, ಗಲ್ಲದ ತುಂಬ ಕೀವಿನ ಗುಳ್ಳೆ, ತುಟಿಯ ಮೇಲೆ ಕೂದಲು. ಕನ್ನಡಕದ ಅಂಗಡಿಯಲ್ಲಿ ಗಿರಾಕಿಗಳಿಗೆ ಕನ್ನಡಿ ಹಿಡಿದು ನಿಲ್ಲುವ ಕೆಲಸ ಅವಳದು. ತಿಂಗಳೊಳಗೆ ಮುಖ ಸರಿಯಾಗದಿದ್ದರೆ ಗೋದಾಮಿಗೆ ಹಾಕುತ್ತೇನೆಂದು ಮಾಲೀಕ ಹೇಳಿಬಿಟ್ಟಿದ್ದ. ಗೋದಾಮಿಗಂತೆ! ಇವಳೇನು ಮುರಿದ ಫ್ರೇಮೇ?

ಕುರ್ಚಿ ಎಳೆದುಕೊಳ್ಳುವ ಮೊದಲೇ ಶುರುಮಾಡಿದೆ. "ನೋಡಿ ಡಾಕ್ಟರಮ್ಮ, ನಿಮ್ಮ ಔಷಧಿ ನನ್ನ ತಂಗಿ ಮುಖಾನ ಏನು ಮಾಡಿದೆ ಅಂತ!"

ಡಾಕ್ಟರಮ್ಮ ನನ್ನ ಮಾತಿಗೆ ಸೊಪ್ಪು ಹಾಕಲಿಲ್ಲ. ತಂಗಿಯ ಕೈಯಿಂದ ಟ್ಯೂಬು ತೆಗೆದುಕೊಂಡು ಓದಿದರು.

"ಇದು ಜೋರು ಸ್ಟೀರಾಯ್ಡ್. ಅಂಗೈ ಚರ್ಮ ದಪ್ಪ, ಅದಕ್ಕೇ ಅಲ್ಲಿಗೆ ಬರೀತೀವಿ. ಅದೂ ಎರಡು ವಾರ, ಅಷ್ಟೇ. ಮುಖಕ್ಕೆ ಯಾರಮ್ಮ ಕೊಟ್ಟಿದ್ದು?"

"ಅಂಗಡಿಯವನು," ಎಂದಳು ತಂಗಿ, ತಲೆಯೆತ್ತದೆ.

ಅಯ್ಯೋ, ಸುಳ್ಳು! ಕೂದಲಿಗೆ ಬಣ್ಣ ಹಚ್ಚಿ ಹಚ್ಚಿ ನನ್ನ ಅಂಗೈ ಬಿರಿದಾಗ ಇದೇ ಡಾಕ್ಟರಮ್ಮ ಆ ಮುಲಾಮು ಬರೆದಿದ್ದರು. ವಾಸಿಯಾದ ಮೇಲೆ ಉಳಿದದ್ದನ್ನು ತಂಗಿಯ ಮೊಡವೆ ಕಲೆಗೆ ಹಚ್ಚಿದವಳು ನಾನು. ಹತ್ತೇ ದಿನದಲ್ಲಿ ಕಲೆ ಮಾಯ, ಮುಖ ಹೊಳೆಯಿತು. ನನ್ನ ಪಾರ್ಲರಿಗೆ ಬಂದವರಿಗೆಲ್ಲ ಅವಳನ್ನು ತೋರಿಸಿ, "ನನ್ನ ಕೈಗುಣ ನೋಡ್ರೀ," ಎಂದು ಬೀಗಿದವಳೂ ನಾನೇ. ಬಿಟ್ಟರೆ ಉರಿಯುತ್ತದೆ ಅಂತ ಅವಳು ಅಂದಾಗ, "ಬಿಡಬೇಡ ಕಣೇ, ಮುಗಿದ್ರೆ ಅಂಗಡೀಲಿ ತಗೊಂಡು ಹಚ್ಚು," ಅಂದಿದ್ದೆ.



"ಅಂಗಡಿಯವನಲ್ಲ. ನಾನೇ ಕೊಟ್ಟಿದ್ದು," ಅಂದೆ.

ಡಾಕ್ಟರಮ್ಮ ಬೈದಿದ್ದರೆ ವಾಸಿಯಿತ್ತು. ಟ್ಯೂಬನ್ನು ಕಸದ ಬುಟ್ಟಿಗೆ ಹಾಕಿ, ತಂಗಿಯ ಕಡೆ ತಿರುಗಿ ಬರೆಯತೊಡಗಿದರು: ಗುಳ್ಳೆಗೆ ಮಾತ್ರೆ, ಉರಿಗೆ ಸ್ಟೀರಾಯ್ಡ್ ಇಲ್ಲದ ಬೇರೆ ಮುಲಾಮು, ಬಿಸಿಲಿಗೆ ಸನ್‌ಸ್ಕ್ರೀನ್.

"ಆ ಟ್ಯೂಬು ಬಿಟ್ಟ ಮೇಲೆ ಮೊದಲು ಇನ್ನೂ ಕೆರಳುತ್ತೆ. ಹೆದರಿ ಮತ್ತೆ ಹಚ್ಚಬೇಡಿ. ಮುಖ ತಿಳಿಯಾಗೋಕೆ ಆರು ತಿಂಗಳಾದ್ರೂ ಬೇಕು."

"ಆರು ತಿಂಗಳಾ? ಇವಳ ಹತ್ರ ಇರೋದು ಒಂದೇ ತಿಂಗಳು!"

"ಚರ್ಮಕ್ಕೆ ಅದೆಲ್ಲ ಗೊತ್ತಾಗಲ್ಲಮ್ಮ."

ಹೊರಗೆ ಬಂದವಳೇ ಕನ್ನಡಕದ ಅಂಗಡಿಯ ದಾರಿ ಹಿಡಿದೆ. "ಆ ಮಾಲೀಕನ ನೀರಿಳಿಸ್ತೀನಿ ಬಾ. ಗೋದಾಮಿಗೆ ಹೇಗೆ ಹಾಕ್ತಾನೋ ನೋಡೇಬಿಡ್ತೀನಿ!"

ತಂಗಿ ಬರಲಿಲ್ಲ. ತಿರುಗಿ ನೋಡಿದರೆ, ದುಪಟ್ಟಾದಲ್ಲಿ ಅರ್ಧ ಮುಖ ಮುಚ್ಚಿಕೊಂಡು ರಸ್ತೆ ಬದಿಯಲ್ಲೇ ನಿಂತಿದ್ದಳು.

"ಸಾಕು ಅಕ್ಕ, ಬೆಳಗ್ಗೆಯಿಂದ ಎಲ್ಲರಿಗೂ ಬೈದಿದ್ದು. ಗೋದಾಮಿಗೆ ಹೋಗ್ತೀನಿ ಅಂತ ನಿನ್ನೆನೇ ಹೇಳಿ ಬಂದಿದೀನಿ."

"ನೀನಾಗೇ ಹೇಳಿದ್ಯಾ? ಯಾಕೇ?"

"ಅಲ್ಲಿ ಕನ್ನಡಿ ಇಲ್ಲ."