ದೀಪದ ಪರ ಸಾಕ್ಷಿ

ನಗರಸಭೆಯವರು ತಿರುವಿನಲ್ಲಿ ಹೊಸ ಬೀದಿದೀಪ ನೆಟ್ಟು, ಅದರ ಮುಖವನ್ನು ಬೀದಿಗಲ್ಲ, ಎದುರು ಮನೆಯ ಮಹಡಿಗೆ ತಿರುಗಿಸಿ ಹೋದರು. ಆ ಮನೆಯವರು ಕೊಟ್ಟ ಮೂರು ದೂರುಗಳಿಗೂ ಉತ್ತರ ಬರಲಿಲ್ಲ.

ಆ ಮನೆಯಲ್ಲಿ ಇರುವುದು ಇಬ್ಬರೇ. ಸೊಸೆ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವಳು, ಬೀದಿಗೆಲ್ಲ ಕನ್ನಡಕದಕ್ಕ. ಹಗಲಿಡೀ ಊರವರ ಕಣ್ಣು ನೆಟ್ಟಗೆ ಮಾಡಿ, ಕತ್ತಲಾದರೆ ತಾರಸಿಯಲ್ಲಿ ದುರ್ಬೀನು ನಿಲ್ಲಿಸಿ ಆಕಾಶದ ಫೋಟೊ ತೆಗೆಯುವುದು ಅವಳ ಹುಚ್ಚು. ಅತ್ತೆ ನಿವೃತ್ತ ನರ್ಸ್. ಮೂವತ್ತು ವರ್ಷ ಕಂಡವರನ್ನೆಲ್ಲ ಮಲಗಿಸಿದವರಿಗೆ ಈಗ ಸ್ವಂತ ನಿದ್ದೆಗೆ ಗತಿಯಿಲ್ಲ. ಕಿಟಕಿ ಮುಚ್ಚಿದರೆ ಸೆಕೆ, ತೆರೆದರೆ ದೀಪ. ಕೊನೆಗೆ ಹಾಸಿಗೆಯಲ್ಲೇ ಕರಿಕೊಡೆ ಬಿಚ್ಚಿಕೊಂಡು ಮಲಗತೊಡಗಿದರು.

"ಅತ್ತೆ, ಮಳೆ ನಿಂತ್ರೆ ಹೇಳಿ," ಎಂದು ಸೊಸೆ ರೇಗಿಸಿದಳು.

"ನಿನ್ನ ದುರ್ಬೀನಿಗೂ ಒಂದು ಕೊಡೆ ಕೊಡ್ಸೇ. ಪಾಪ, ಅದೂ ಕಣ್ಣು ಪಿಳಿಪಿಳಿ ಬಿಡ್ತಿದೆ."

ಕೊಡಿಸಿಯೇ ಬಿಟ್ಟಳು. ನ್ಯಾರೋಬ್ಯಾಂಡ್ ಫಿಲ್ಟರ್ ಎಂಬ ಅಂಗೈಯೊಳಗೆ ಅಡಗುವ ಗಾಜು. ಆಕಾಶದ ಜಲಜನಕ ಸೂಸುವ ಒಂದೇ ಒಂದು ಕೆಂಪನ್ನು ಒಳಗೆ ಬಿಟ್ಟು, ದೀಪದ ಬೆಳಕನ್ನು ಬಹುಪಾಲು ಬಾಗಿಲಲ್ಲೇ ತಡೆಯುವಂಥದ್ದು. ಒಳಗೆ ಬರುವುದು ಹನಿಹನಿಯಾಗಿ. ಒಂದೊಂದು ಚಿತ್ರಕ್ಕೂ ಹತ್ತು ನಿಮಿಷ. ಹದಿನೇಳು ರಾತ್ರಿಗಳ ಚಿತ್ರಗಳನ್ನೆಲ್ಲ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಪೇರಿಸಿದಾಗ ನೀಹಾರಿಕೆಯೊಂದು, ಜಲಜನಕದ ಕೆಂಪು ಮೋಡ, ಎದ್ದು ಬಂತು.

ಅತ್ತೆ ಬಗ್ಗಿ ನೋಡಿದರು. "ಬಸುರಿ ಹೊಟ್ಟೆ ಸ್ಕ್ಯಾನ್ ಇದ್ದ ಹಾಗಿದೆ. ಎಷ್ಟು ತಿಂಗಳು?"

"ಸರಿಯಾಗೇ ಹೇಳಿದ್ರಿ. ನಕ್ಷತ್ರ ಹುಟ್ಟೋ ಜಾಗ ಅದು."

ಚಿತ್ರ ಪತ್ರಿಕೆಯಲ್ಲಿ ಬಂತು. ಮೂರು ದೂರಿಗೆ ಬಾಯಿ ಬಿಡದ ನಗರಸಭೆ ಮರುವಾರವೇ ಇಬ್ಬರನ್ನೂ ಕರೆಸಿತು. ದೀಪದ ಸಾಹೇಬರ ಮೇಜಿನ ಮೇಲೆ ಅದೇ ಪತ್ರಿಕೆ.

"ದೀಪದಿಂದ ಆಕಾಶ ಹಾಳಾಯ್ತು ಅಂದಿದ್ರಿ. ಇದೇನಮ್ಮ ಮತ್ತೆ? ನಮ್ಮ ದೀಪದ ಎದುರೇ ತೆಗೆದದ್ದಲ್ವಾ? ತೊಂದರೆ ಇಲ್ಲ ಅಂತ ಸಹಿ ಹಾಕಿ. ಚಿತ್ರ ದೊಡ್ಡದು ಮಾಡ್ಸಿ ಸಭಾಂಗಣದಲ್ಲಿ ಹಾಕಿಸ್ತೀನಿ."

ಹದಿನೇಳು ರಾತ್ರಿಯ ದುಡಿಮೆ ಗೋಡೆ ತುಂಬ! ಆಸೆಯಾಗದೆ ಇದ್ದೀತೆ? ಕನ್ನಡಕದಕ್ಕ ಪೆನ್ನು ಎತ್ತಿಕೊಂಡಳು.

"ಸಾರ್, ಇದು ದೀಪದ ಬೆಳಕು ತಡೆಯೋ ಗಾಜು ಹಾಕಿ ತೆಗೆದದ್ದು. ಆ ಗಾಜು ಇಂಥ ಕೆಲವಕ್ಕೆ ಮಾತ್ರ. ಗೆಲಾಕ್ಸಿಗಳ ಬೆಳಕಲ್ಲಿ ಎಲ್ಲ ಬಣ್ಣನೂ ಇರುತ್ತೆ, ನಿಮ್ಮ ದೀಪದಲ್ಲೂ ಇರುತ್ತೆ. ಬೇರೆ ಮಾಡೋಕಾಗಲ್ಲ. ಅವೆಲ್ಲ ನನ್ನ ಕೈ ಬಿಟ್ಟುಹೋದ್ವು."

"ಒಂದು ಸಿಕ್ತಲ್ಲ, ಸಾಲದಾ?"

ಪೆಟ್ಟು ತಿಂದವರು ಮುಲಾಮು ಹಚ್ಚಿಕೊಂಡರೆ ಪೆಟ್ಟೇ ಬಿದ್ದಿಲ್ಲವೆಂದು ಬರೆಸಿಕೊಳ್ಳುವ ಕಚೇರಿಗಳಿವೆ. ಇದು ಅಂಥದ್ದೊಂದು.

ಪಕ್ಕದಲ್ಲಿ ಠಪ್ಪೆಂದು ಸದ್ದಾಯಿತು. ಅತ್ತೆ ಮನೆಯಿಂದ ತಂದಿದ್ದ ಕರಿಕೊಡೆ ಬಿಚ್ಚಿದ್ದರು.

"ಏನಮ್ಮಾ, ಕಚೇರಿ ಸೋರ್ತಿದೆಯಾ?"

"ಕೊಡೆ ಹಿಡಿದವಳು ನೆನೀಲಿಲ್ಲ ಅಂತ, ಮಳೇನೇ ಬಂದಿಲ್ಲ ಅಂತ ಬರ್ಕೊಡ್ಬೇಕಾ ಸಾಹೇಬ್ರೆ?"

ಗುಮಾಸ್ತರು ಕಡತದ ಹಿಂದೆ ಮುಖ ಮರೆಸಿಕೊಂಡು ನಕ್ಕರು. ಸಾಹೇಬರ ಮುಖ ಜಲಜನಕದ ಕೆಂಪಿಗೆ ತಿರುಗಿತು. ಕನ್ನಡಕದಕ್ಕ ಪೆನ್ನಿಗೆ ಮುಚ್ಚಳ ಹಾಕಿ, ಕಾಗದವನ್ನು ಮೇಜಿನ ಆಚೆಗೆ ತಳ್ಳಿದಳು.

"ಮೊದಲು ಆ ಕೊಡೆ ಮಡಚಿ!" ಸಾಹೇಬರು ಗುಡುಗಿದರು.

ಅತ್ತೆ ಸೊಸೆಯ ಕುರ್ಚಿಯನ್ನೂ ಕೊಡೆಯಡಿಗೆ ಎಳೆದುಕೊಂಡರು.

"ಮೊದ್ಲು ನೀವು ದೀಪದ ಮುಖ ತಿರುಗ್ಸಿ. ಅಲ್ಲೀವರೆಗೂ ಮಡಚಲ್ಲ."