ಕಲ್ಲುಪ್ಪು ಬೆರೆಸಿದ ಐಸು

ಕಾಡಿಗೆ ಹೋಗುವವರು ಮೊದಲು ಕಾಲು ನೋಡಿಕೊಳ್ಬೇಕು ಆಂಟಿ, ಹೊಟ್ಟೆ ಆಮೇಲೆ, ಅಂತ ಟ್ರೆಕ್ಕಿಂಗ್ ಸಾಮಾನಿನ ಅಂಗಡಿಯ ರಾಯ್‌ಸ್ಟನ್ ಹೇಳ್ತಾ ಇದ್ದಾನೆ, ಉದ್ದದ ಕಾಲುಚೀಲ ಒಂದನ್ನು ನಾನು ಗಿರಾಕಿಗೆ ಬಂಗುಡೆ ತೋರಿಸುವ ಹಾಗೆಯೇ ಎರಡು ಬೆರಳಲ್ಲಿ ಎತ್ತಿ ಹಿಡಿದು, ಇದು ಇಂಬಳಕ್ಕೆ, ಕಚ್ಚಿ ರಕ್ತ ಹೀರಲಿಕ್ಕೆ ಅದಕ್ಕೆ ಜಾಗವೇ ಸಿಗುವುದಿಲ್ಲ — ಸಿಗುವುದಿಲ್ಲವಂತೆ, ಇಂಬಳ ಬಂದು ಇವನ ಕಿವಿಯಲ್ಲಿ ಹೇಳಿ ಹೋಗಿದೆಯಾ, ಮೀನು ಮಾರುವವಳಿಗೇ ಮಾತು ಮಾರ್ತಾನೆ ಮಾರಾಯ — ಆದರೂ ಮಗಳು ತಗೊಳ್ಳಲಿ, ಚಾರ್ಮಾಡಿ ಕಡೆಯ ಕಾಡು, ಎರಡು ರಾತ್ರಿ ಟೆಂಟಿನಲ್ಲಿ, ಕಾಲೇಜಿನವರೇ ಕರೆದುಕೊಂಡು ಹೋಗುವುದು, ಟೆಂಪೋ ಇಲ್ಲಿಗೇ, ಕಂಕನಾಡಿಗೇ ಬರ್ತದಂತೆ, ಬಂದರೆ ಹತ್ತಿ ಹೋಗಿಯೇ ಬಿಡ್ತಾಳೆ ನನ್ನ ಮಗಳು ತೃಷಾ, ಈ ಲವಿನಾಳ ಜೊತೆ, ಇಬ್ಬರದ್ದೂ ಒಂದೇ ಕ್ಲಾಸು, ಒಂದೇ ನಗು, ಈಗ ತಲೆಗೆ ಕಟ್ಟುವ ಟಾರ್ಚು ಕಟ್ಟಿಕೊಂಡು ಒಬ್ಬಳ ಮುಖಕ್ಕೆ ಒಬ್ಬಳು ಬೆಳಕು ಬಿಡ್ತಾ ಇದ್ದಾರೆ, ನೋಡಮ್ಮ ನಾನೀಗ ಲೈಟ್‌ಹೌಸ್ ಅಂತ ನನ್ನ ಕಣ್ಣಿಗೂ ಬಿಟ್ಟಳು, ಕಣ್ಣೊಳಗೆ ಹಸಿರು ಚುಕ್ಕೆ, ಅದು ಹೋಗುವಷ್ಟರಲ್ಲಿ ರಾಯ್‌ಸ್ಟನ್ ಹಗ್ಗ ತಂದಿದ್ದಾನೆ, ಎಂತ ಹಗ್ಗ ಇದು, ನಮ್ಮ ಬೆಂಗ್ರೆಯಲ್ಲಿ ಬಟ್ಟೆ ಒಣಗಿಸಲಿಕ್ಕೂ ಇದನ್ನು ಕಟ್ಟುವುದಿಲ್ಲ ಅಂದೆ, ಅವನು ನಕ್ಕ, ಆಂಟಿ, ನಿಮಗೆ ದೋಣಿ ಕಟ್ಟಲಿಕ್ಕೆ ಉಂಟು, ಇವರಿಗೆ ಟೆಂಟು. ತೃಷಾಳ ಅಪ್ಪ ಕಮಲೇಶ್ ಇದ್ದಿದ್ದರೆ ಹಗ್ಗ ಅವರೇ ಆರಿಸ್ತಿದ್ದರು, ಅವರು ಬೋಟಿನಲ್ಲಿ ಇದ್ದಾರೆ, ಫೋನು ಸಿಗದಷ್ಟು ದೂರ, ಹೋಗುವ ಮುಂಚೆ ಒಂದು ಮಾತು ಎಸೆದು ಹೋದರು, ನನ್ನನ್ನು ವಾರಗಟ್ಟಲೆ ಕಡಲಿಗೆ ಬಿಡ್ತೀಯಲ್ಲ ಕುಮುದಿನಿ, ಅವಳನ್ನು ಎರಡು ರಾತ್ರಿ ಕಾಡಿಗೆ ಬಿಡ್ಲಿಕ್ಕೆ ಆಗುವುದಿಲ್ವಾ — ಆಗುವುದಿಲ್ಲ, ನಿಮಗೆ ಶುಗರ್ ಇಲ್ಲ, ಅವಳಿಗೆ ಉಂಟು, ಊಟಕ್ಕೆ ಮೊದಲು ಸೂಜಿ ಚುಚ್ಚಿಕೊಳ್ಳದಿದ್ದರೆ ನಿಮ್ಮ ಮಗಳು ಇಲ್ಲ, ಅಷ್ಟೇ. ಹಾಗೆ ಮಗಳ ಜೊತೆ ವಾರವಿಡೀ ಜಗಳ, ಸಿಟ್ಟಿನಲ್ಲಿ ನಾನು ಅಂದೆನಲ್ಲ, ಫ್ರಿಜ್ಜಿಗೆ ಬೀಗ ಹಾಕ್ತೇನೆ, ಔಷಧಿ ಇಲ್ಲದೆ ಅದು ಹೇಗೆ ಹೋಗ್ತಿ ನೋಡುವ, ಅಂತ, ಆಚೆಮನೆಯವರಿಗೂ ಕೇಳುವ ಹಾಗೆ. ಅದಕ್ಕೂ ಅವಳು ಸಿಟ್ಟು ಮಾಡಲಿಲ್ಲ, ನಿನ್ನೆ ಸಂಜೆ ಹತ್ತಿರ ಬಂದು ಕೂತು, ಅಮ್ಮ, ಈ ಸಲ ಔಷಧಿ ನೀನೇ ಪ್ಯಾಕ್ ಮಾಡು, ಆಗ ನಿಂಗೂ ಧೈರ್ಯ ಬರ್ತದೆ, ಅಂದಳು — ಆರನೇ ಕ್ಲಾಸಿನಿಂದ ಒಂದು ದಿನವೂ ಮುಟ್ಟಲಿಕ್ಕೆ ಬಿಟ್ಟವಳಲ್ಲ, ನಾನೇ ಮಾಡ್ತೇನೆ ಅಮ್ಮ, ನೀನು ಎಂತ ಮಾಡಿದ್ರೂ ಗಡಿಬಿಡಿ, ಅಂತಿದ್ದವಳು, ಅವಳು ಕೊಟ್ಟಳು, ನನ್ನ ಕೈಗೆ ಕೊಟ್ಟಳು, ಆ ಸಂತೋಷಕ್ಕೆ ನನಗೆ ನಿದ್ದೆಯೇ ಹತ್ತಲಿಲ್ಲ. ತಂಪಾಗಿ ಇರಬೇಕು ಅಷ್ಟೇ ಅಮ್ಮ ಅಂದಿದ್ದಳು, ತಂಪು ಇಡುವುದನ್ನು ನನಗೆ ಹೇಳಿಕೊಡಬೇಕಾ, ಇಷ್ಟು ವರ್ಷ ಮಾಡಿದ್ದು ಮತ್ತೆಂತ.

ಈಗ ಲವಿನಾ ಗಾಜಿನ ಕಪಾಟಿನಿಂದ ನೀಲಿ ಬಟ್ಟೆಯ ಚೀಲ ಒಂದನ್ನು ತೆಗೆದು ಆಚೀಚೆ ತಿರುಗಿಸ್ತಾ ಇದ್ದಾಳೆ, ತೃಷಾ, ಇದು ನೋಡು, ಇನ್ಸುಲಿನ್ ಇಡುವ ಚೀಲ, ನೀರಲ್ಲಿ ಅದ್ದಿದರೆ ಆಯಿತು, ತಂಪು ನಿಲ್ತದೆ, ನಮ್ಮ ಮಮ್ಮಿ ಆಸ್ಪತ್ರೆಯ ವಾರ್ಡಿನಲ್ಲಿ ಎಲ್ಲರಿಗೂ ಹೇಳುವುದು ಇದನ್ನೇ, ಐಸು ಮಾತ್ರ ಬೇಡವೇ ಬೇಡ ಅಂತೆ, ಒಮ್ಮೆ ಹೆಪ್ಪುಗಟ್ಟಿದರೆ ಮುಗಿಯಿತು, ಆಮೇಲೆ ಕರಗಿದರೂ ಅದು ಬರೀ ನೀರು, ಚುಚ್ಚಿಕೊಂಡರೂ ಚುಚ್ಚದ ಹಾಗೆ, ನೋಡಿದರೆ ಗೊತ್ತೂ ಆಗುವುದಿಲ್ಲ. ಗೊತ್ತುಂಟು ಮಾರಾಯ್ತಿ, ನಂಗೆ ಪಾಠ ಮಾಡ್ಬೇಡ, ಅಮ್ಮ ಸರಿಯಾಗಿ ಇಟ್ಟಿದ್ದಾಳೆ, ಅಲ್ವಾ ಅಮ್ಮ. ನಾನು ಹೂಂ ಅಂದೆ. ಯಾಕೆ ಹೂಂ ಅಂದೆ. ಬಾಯಿ ತಾನಾಗಿ ಅಂದದ್ದು, ಕಂಕುಳಲ್ಲಿ ಫ್ಲಾಸ್ಕು, ಫ್ಲಾಸ್ಕಿನ ತುಂಬ ಐಸು, ಬೋಟು ನಿಲ್ಲುವ ದಕ್ಕೆಯಿಂದ ತಂದ ಒಳ್ಳೆಯ ಪುಡಿ ಐಸು, ಅದರ ಮೇಲೆ ಒಂದು ಮುಷ್ಟಿ ಕಲ್ಲುಪ್ಪು, ಉಪ್ಪು ಬಿದ್ದರೆ ಐಸಿನ ಸಿಟ್ಟು ಏರ್ತದೆ, ಅಂಜಲ್ ಮೀನಾದರೆ ಸಂಜೆಯವರೆಗೂ ಕಲ್ಲಿನ ಹಾಗೆ ನಿಲ್ತದೆ, ಆ ಐಸಿನ ಹೊಟ್ಟೆಯೊಳಗೆ ಅವಳ ಇನ್ಸುಲಿನ್ ಪೆನ್ನುಗಳು, ಇದ್ದದ್ದೆಲ್ಲ, ಬೆಳಿಗ್ಗೆ ಚುಚ್ಚಿಕೊಂಡು ಕೊಟ್ಟದ್ದೂ ಸೇರಿ, ಒಂದನ್ನೂ ಹೊರಗೆ ಬಿಡಲಿಲ್ಲ, ಅಷ್ಟು ಪ್ರೀತಿಯಲ್ಲಿ ಒತ್ತಿ ಒತ್ತಿ ಇಟ್ಟದ್ದು — ರಾಯ್‌ಸ್ಟನ್ ಸೀಟಿ ಊದಿದ, ಮೂರು ಸಲ ಊದಿದರೆ ಕಷ್ಟದಲ್ಲಿದ್ದೇವೆ ಅಂತ ಅರ್ಥ, ಊದಿ ನೋಡಿ ಆಂಟಿ, ನಾನು ಬೇಡ ಅಂದೆ, ನನಗೆ ಉಸಿರೇ ಇಲ್ಲ — ಟೆಂಟುಗಳ ಹಿಂದೆ ಬಂದು ನಿಂತೆ, ಬೆಲೆ ನೋಡುವವಳ ಹಾಗೆ, ಮುಚ್ಚಳ ತಿರುಗಿಸಿದೆ, ಒಂದು ಪೆನ್ನು ಎಳೆದೆ, ಐಸು ಅದನ್ನು ಹಿಡಿದುಕೊಂಡಿತ್ತು, ಕಿತ್ತೆ, ಅದರ ಸಣ್ಣ ಕಿಟಕಿಯಲ್ಲಿ ನೋಡಿದರೆ ಒಳಗೆ ಬಿಳಿ ಎಳೆ ಎಳೆ, ಸೂಜಿಯ ಹಾಗೆ, ಒಂದರ ಮೇಲೊಂದು, ಮತ್ತೆ ನಾನು ನೋಡ್ತಾ ಇರುವಾಗಲೇ, ನನ್ನ ಕೈಯ ಬಿಸಿಗೇ, ಎಳೆಗಳು ಸಣ್ಣದಾದವು, ಇನ್ನೂ ಸಣ್ಣದಾದವು, ಇಲ್ಲ. ತಿಳಿ ನೀರು. ಒಳ್ಳೆಯದೋ ಕೆಟ್ಟದ್ದೋ ಇನ್ನು ದೇವರಿಗೂ ಗೊತ್ತಾಗಲಿಕ್ಕಿಲ್ಲ, ಮೀನಾದರೆ ಕಿವಿರು ಎತ್ತಿ ನೋಡಬಹುದು, ಕಣ್ಣು ನೋಡಬಹುದು, ಹೊಟ್ಟೆ ಒತ್ತಿ ನೋಡಬಹುದು, ಇದಕ್ಕೆ ಕಿವಿರು ಎಲ್ಲಿ. ಹೇಳಬೇಕು. ಈಗಲೇ ಹೇಳಬೇಕು. ಹೇಳಿದರೆ ಅವಳು ಎಂತ ಅಂದುಕೊಳ್ತಾಳೆ, ಫ್ರಿಜ್ಜಿಗೆ ಬೀಗ ಹಾಕ್ತೇನೆ ಅಂದವಳು ಬೇರೆ ದಾರಿ ಹುಡುಕಿದಳು ಅಂತ ಅಂದುಕೊಳ್ಳುವುದಿಲ್ವಾ, ಅಂದುಕೊಳ್ತಾಳೆ, ನಾನೇ ಅವಳಾಗಿದ್ದರೆ ಅಂದುಕೊಳ್ತಿದ್ದೆ, ಮತ್ತೆ ಯಾವತ್ತೂ ಮುಟ್ಟಲಿಕ್ಕೆ ಕೊಡುವುದಿಲ್ಲ, ಔಷಧಿಯನ್ನೂ, ತನ್ನನ್ನೂ — ಹೇಳದೆ ಇನ್ನೊಂದು ಉಪಾಯ ಉಂಟಾ, ಜ್ವರ ಅಂತ ನಾನೇ ಇಲ್ಲಿ ಬಿದ್ದುಬಿಟ್ಟರೆ, ಹೋಗುವುದು ನಿಲ್ತದೆ, ಫ್ಲಾಸ್ಕು ಕೈ ಜಾರಿದ ಹಾಗೆ ಮಾಡಿದರೆ, ಸ್ಟೀಲು, ಒಡೆಯುವುದೂ ಇಲ್ಲ ದರಿದ್ರದ್ದು, ಔಷಧಿ ಒಂದು ಸಲ ಕೆಲಸ ಮಾಡಲೂಬಹುದಲ್ಲ, ಎಲ್ಲ ಪೆನ್ನೂ ಹೆಪ್ಪುಗಟ್ಟಿರಲಿಕ್ಕಿಲ್ಲ — ಥೂ, ಎಂತ ಯೋಚನೆ ಮಾಡ್ತಾ ಇದ್ದೇನೆ ನಾನು, ಆ ಆರನೇ ಕ್ಲಾಸಿನ ವರ್ಷ, ಶುಗರ್ ಅಂತ ಗೊತ್ತಾಗುವ ಮೊದಲು, ಅವಳು ಕೊಡಗಟ್ಟಲೆ ನೀರು ಕುಡಿದು ಕುಡಿದು, ಆಮೇಲೆ ನನ್ನ ಮಡಿಲಲ್ಲಿ ಮಲಗಿ ನಾಯಿಯ ಹಾಗೆ ಏದುಸಿರು ಬಿಟ್ಟದ್ದು, ಬಾಯಿಯಿಂದ ಕೊಳೆತ ಪೇರಳೆ ಹಣ್ಣಿನ ವಾಸನೆ, ಅಮ್ಮ ಅಂತ ಕರೆದರೆ ತುಟಿ ಅಲುಗುವುದು, ಸ್ವರ ಇಲ್ಲ, ಆಗ ನಮ್ಮ ಹತ್ತಿರ ರಿಕ್ಷಾ ಇತ್ತು, ಆಸ್ಪತ್ರೆ ಇತ್ತು, ಕಾಡಿನಲ್ಲಿ ಎಂತ ಉಂಟು, ಆ ವಾಸನೆ ಟೆಂಟಿನೊಳಗೆ, ಹೊರಗೆ ಕತ್ತಲೆ, ಲವಿನಾ ಮೂರು ಸಲ ಸೀಟಿ ಊದ್ತಾಳೆ, ಯಾರು ಬರ್ತಾರೆ. ಟೆಂಟುಗಳ ಹಿಂದಿನಿಂದ ಹೊರಗೆ ಬಂದೆ, ತೃಷಾ, ನಾನು ಔಷಧಿಯನ್ನು ಐಸಿನಲ್ಲಿ ಇಟ್ಟದ್ದು. ಎಂತ ಅಮ್ಮ? ಐಸಿನಲ್ಲಿ, ಉಪ್ಪು ಹಾಕಿ, ಎಲ್ಲವನ್ನೂ, ಹೆಪ್ಪುಗಟ್ಟಿದೆ ಮಗಾ, ನಾನು ಕಣ್ಣಾರೆ ನೋಡಿದೆ.

ಲವಿನಾ ಹಣೆಯ ಟಾರ್ಚು ಆರಿಸಿದಳು. ತೃಷಾ ಫ್ಲಾಸ್ಕು ತೆಗೆದುಕೊಂಡಳು, ಒಳಗೆ ನೋಡಿದಳು, ನನ್ನನ್ನು ನೋಡಿದಳು, ಅದೇ ನೋಟ, ಗೊತ್ತಿತ್ತು ನನಗೆ, ಬೀಗ ಹಾಕ್ತೇನೆ ಅಂದಿದ್ದೆಯಲ್ಲ ಅಮ್ಮ, ಇದು ಅದೇನಾ? ಅಲ್ಲ ಮಗಾ. ಬೇಕಂತ ಮಾಡಿದ್ದಾ? ಬೇಕಂತ ಮಾಡುವುದಾದರೆ ನಿನ್ನ ಬೂಟು ಹೊಳೆಗೆ ಹಾಕ್ತಿದ್ದೆ, ನಿನ್ನ ಜೀವವನ್ನು ಹಾಕ್ತೇನಾ, ಮೀನಿನ ಹಾಗೆ ಇಟ್ಟೆ, ನನಗೆ ಗೊತ್ತಿದ್ದ ತಂಪು ಅದೊಂದೇ — ನನ್ನ ಸ್ವರ ಮಾರ್ಕೆಟ್ಟಿನ ಸ್ವರ ಆಯಿತು, ಅಂಗಡಿ ಇಡೀ ತಿರುಗಿ ನೋಡಿತು, ರಾಯ್‌ಸ್ಟನ್ ಕೈಯಲ್ಲಿದ್ದ ಹಗ್ಗವನ್ನು ಸುಮ್ಮನೆ ಸುತ್ತಲಿಕ್ಕೆ ಶುರು ಮಾಡಿದ. ಅವಳು ನಗಲಿಲ್ಲ, ಅಳಲೂ ಇಲ್ಲ, ಬಾ ಅಂದಳು, ಯಾರಿಗೆ ಅಂದದ್ದು ಗೊತ್ತಿಲ್ಲ, ನಾನೂ ಹಿಂದೆ ಹೋದೆ, ಎದುರಿಗೇ ಮೆಡಿಕಲ್ಲು, ರಸ್ತೆ ದಾಟುವಾಗ ನನ್ನ ಕೈ ಹಿಡಿಯಲಿಲ್ಲ, ಮೊದಲು ಯಾವಾಗಲೂ ಹಿಡಿಯುವವಳು, ಬಸ್ಸಿನವ ಬೈದ, ಬೈಯಲಿ, ಡಾಕ್ಟರ ಚೀಟಿಯನ್ನು ಫೋನಿನಲ್ಲಿ ತೋರಿಸಿದಳು, ಹಳೆಯದ್ದು ಎಂತ ಆಯಿತು ಅಂತ ಮೆಡಿಕಲ್ಲಿನವರು ಕೇಳಿದರು, ಹಾಳಾಯಿತು ಅಂದಳು ತೃಷಾ, ಅಷ್ಟೇ ಅಂದಳು, ಅಮ್ಮ ಹಾಳು ಮಾಡಿದ್ದು ಅನ್ನಲಿಲ್ಲ, ನಾನು ಕಾದೆ, ಅನ್ನಲಿಲ್ಲ. ಅವರು ಫ್ರಿಜ್ಜು ತೆರೆದು ಹೊಸ ಪೆನ್ನುಗಳನ್ನು ತಂದಿಟ್ಟರು. ಆಚೆ ಟೆಂಪೋ ಬಂದು ನಿಂತಿತು, ಲವಿನಾ ಇಬ್ಬರ ಬ್ಯಾಗೂ ಆ ನೀಲಿ ಚೀಲವೂ ಎಳೆದುಕೊಂಡು ಕೂಗ್ತಾ ಇದ್ದಾಳೆ, ಬಾರೇ, ಎಲ್ಲರೂ ಕಾಯ್ತಾ ಇದ್ದಾರೆ, ಹೂಂ ಬಂದೆ ಅಂದವಳು ನಿಂತಳು, ಕೆಳಗೆ ನೋಡಿದಳು, ಬೂಟಿನ ಲೇಸು ಬಿಚ್ಚಿದೆ. ಅಮ್ಮ, ಇದನ್ನು ಸ್ವಲ್ಪ ಹಿಡ್ಕೋ. ನಾನಾ? ಮತ್ಯಾರು, ಹಿಡ್ಕೋ. ಬಗ್ಗಿ ಲೇಸು ಕಟ್ತಾ ಇದ್ದಾಳೆ, ಜಡೆ ಮುಂದೆ ಬಿದ್ದಿದೆ, ಟೆಂಪೋ ಹಾರ್ನು ಹಾಕ್ತಾ ಉಂಟು, ಹೊಸ ಪೆನ್ನುಗಳು ನನ್ನ ಅಂಗೈಯಲ್ಲಿ, ಅಂಗೈ ಬಿಡಿಸಿಯೇ ಹಿಡಿದಿದ್ದೇನೆ, ತಣ್ಣಗೆ ಉಂಟಾ ಇಲ್ಲವಾ, ಗೊತ್ತಾಗುವುದಿಲ್ಲ, ಇಷ್ಟು ವರ್ಷ ಐಸಿನಲ್ಲಿ ಮರಗಟ್ಟಿದ ಕೈ ಇದು, ಮುಚ್ಚಿದರೆ ಬಿಸಿಯಾದೀತು, ಬಿಟ್ಟರೆ ಬಿದ್ದೀತು, ಬಿಡಿಸಿದ ಅಂಗೈ, ಅದರ ಮೇಲೆ ಪೆನ್ನುಗಳು, ಬಿಡಿಸಿದ ಅಂಗೈ —